ಮಚ್ಚೆ ಕಂಡವರೇ ರೋಗಿ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳ ಗಂಡಸರಿಗೆ ಬೆನ್ನು ಇರುವುದು ಹಿಂಭಾಗದಲ್ಲಿ. ಈ ಸಂಗತಿಯನ್ನು ಜಂಟಿ ಚರ್ಮ ತಪಾಸಣಾ ಅಭಿಯಾನ ಸಮಿತಿಯು ಒಂಬತ್ತು ಸಭೆಗಳ ನಂತರ ಪತ್ತೆಹಚ್ಚಿತು. ಚರ್ಮದ ಕ್ಯಾನ್ಸರ್ ಹೆಂಗಸರಲ್ಲಿ ಕಡಿಮೆ, ಇದ್ದರೂ ಬೇಗ ಸಿಕ್ಕಿಬೀಳುತ್ತಿತ್ತು. ಗಂಡಸರಲ್ಲಿ ಹೆಚ್ಚು, ಅದೂ ಕಣ್ಣಿಗೆ ಬೀಳದ ಬೆನ್ನಿನಲ್ಲಿ ಬೇರು ಬಿಟ್ಟ ಮೇಲೆಯೇ ಗೊತ್ತಾಗುತ್ತಿತ್ತು. ಈ ವ್ಯತ್ಯಾಸವನ್ನು ಮಾರ್ಚ್ ಅಂತ್ಯದೊಳಗೆ ನಿವಾರಿಸತಕ್ಕದ್ದೆಂದು ಮೇಲಿನಿಂದ ಸುತ್ತೋಲೆ ಬಂತು. ಗಂಡಸರನ್ನು ಬೇಗ ಕರೆತರುವುದು ಆಗದ ಕೆಲಸವಾದ್ದರಿಂದ ಸಮಿತಿ ನಿಯಮ ಏಳನ್ನು ರಚಿಸಿತು: 'ಮಚ್ಚೆಯನ್ನು ಮೊದಲು ಕಂಡವರನ್ನೇ ರೋಗಿ ಎಂದು ದಾಖಲಿಸತಕ್ಕದ್ದು. ಮಚ್ಚೆ ಯಾರ ಮೈಮೇಲಿದೆ ಎಂಬುದು ಪರಿಗಣನೆಗೆ ಬಾರದು.'

ಜಯಪುರದ ಶಿಬಿರಕ್ಕೆ ಗುರುವ ತಾನಾಗಿ ಬಂದವನಲ್ಲ. ಇಪ್ಪತ್ತೆರಡು ವರ್ಷ ಬರಿಮೈಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕಣದಲ್ಲಿ ಕಾಫಿ ಹರವಿದ್ದರೂ ಅವನಿಗೆ ಆ ಬೆನ್ನಿನ ಪರಿಚಯವೇ ಇರಲಿಲ್ಲ. ಬೆನ್ನುಜ್ಜುವಾಗ ಹೆಂಡತಿ ಸಣ್ಣಕ್ಕ ಕಪ್ಪು ಮಚ್ಚೆ ಕಂಡು, ತಿಂಗಳಲ್ಲಿ ಅದು ಅಗಲವಾದದ್ದನ್ನೂ ಕಂಡು, ರಂಪ ಮಾಡಿ ಎಳೆದು ತಂದಿದ್ದಳು. ವೈದ್ಯೆ ಭಾರ್ಗವಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಹೌದು, ಮೊದಲ ಹಂತ, ಈಗಲೇ ತೆಗೆದರೆ ಪೂರ್ತಿ ವಾಸಿ ಎಂದರು. ಗುರುವನಿಗೆ ಹೆದರಿಕೆಯಿಂದ ಊಟವೇ ಸೇರದಾಯಿತು.

ಆಪರೇಷನ್ನಿಗೆ ಹೆಸರು ಬರೆಸಲು ಹೋದಾಗ ಗುಮಾಸ್ತ ರೇಣುಕಪ್ಪ ಪುಸ್ತಕ ತೆರೆದು, "ರೋಗಿ, ಸಣ್ಣಕ್ಕ" ಎಂದು ಓದಿದ.

"ರೋಗಿ ನಾನಲ್ವಾ ಸಾರ್?" ಎಂದ ಗುರುವ.

"ಮಚ್ಚೆ ನೀನು ನೋಡಿದ್ಯಾ?"

"ಬೆನ್ನಲ್ಲಿರೋದನ್ನ ನಾ ಹ್ಯಾಂಗೆ ನೋಡ್ಲಿ?"

"ನೋಡದೇ ಅರ್ಜಿ ಹಾಕಿದ್ರೆ ಸುಳ್ಳು ಮಾಹಿತಿ ಆಗ್ತದೆ ಮಾರಾಯ. ನಿನ್ನ ಹೆಸರಲ್ಲೇ ಬೇಕಂದ್ರೆ ಅದು ನಿನ್ನ ಕಣ್ಣಿಗೆ ಬೀಳುವಷ್ಟು ಬೆಳೀಬೇಕು. ಹೆಗಲು ದಾಟಿ ಮುಂದೆ ಬಂದ್ರೆ ಸಾಕು."

"ಅಷ್ಟರಲ್ಲಿ ನಾ ಸತ್ತೋದ್ರೆ?"

"ಅದಕ್ಕೆ ಬೇರೆ ಕಾಲಂ ಉಂಟು."

ಸಣ್ಣಕ್ಕ ಗಂಡನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. "ನನ್ನ ಹೆಸರೇ ಇರ್ಲಿ. ಕೊಯ್ಯೋದು ಮಾತ್ರ ಇವರ ಬೆನ್ನು" ಎಂದು ಸಹಿ ಹಾಕಿದಳು.

ಗುರುವನನ್ನು ಹೆಂಗಸರ ವಾರ್ಡಿಗೆ ಸೇರಿಸಲಾಯಿತು. ಪಕ್ಕದ ಹಾಸಿಗೆಯಲ್ಲಿ ದಪ್ಪ ಮೀಸೆಯ ಕಮಲಕ್ಕ ಗೊರಕೆ ಹೊಡೆಯುತ್ತಿದ್ದರು. ನರ್ಸ್ "ಸಣ್ಣಕ್ಕಾ" ಎಂದು ಕೂಗಿದಾಗ ಗುರುವ ಮೊದಲ ಸಲ ನಾಚಿದ, ಎರಡನೇ ಸಲ "ಹೂಂ" ಎಂದ. ಭಾರ್ಗವಿಯವರು ಈ ಕ್ರಮಕ್ಕೆ ಆಕ್ಷೇಪಣೆ ಬರೆದು ಕಳಿಸಿದ್ದರು. ಉತ್ತರ ಬರುವವರೆಗೆ ಕಾಯದೆ, ಸರಿಯಾದ ಬೆನ್ನನ್ನೇ ಕೊಯ್ದರು. ಮಚ್ಚೆ ಬೇರು ಸಮೇತ ಹೋಯಿತೆಂದು ತಿಳಿದಾಗ ಗುರುವ ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟ.

ಮಾರ್ಚ್ ಮೂವತ್ತೊಂದರಂದು ಸಮಿತಿ ಪ್ರಕಟಣೆ ಹೊರಡಿಸಿತು: 'ಮೂರೂ ತಾಲೂಕುಗಳ ಗಂಡಸರಲ್ಲಿ ಚರ್ಮದ ಕ್ಯಾನ್ಸರ್ ಸಂಪೂರ್ಣ ನಿರ್ಮೂಲನೆಯಾಗಿದೆ. ಹೆಂಗಸರಲ್ಲಿ ತುಸು ಏರಿದ್ದು, ಅವರು ತಮ್ಮ ಆರೋಗ್ಯದ ಬಗ್ಗೆ ಎಚ್ಚರ ವಹಿಸತಕ್ಕದ್ದು.' ಸಮಿತಿಯ ಸದಸ್ಯರು ಪರಸ್ಪರ ಶಾಲು ಹೊದಿಸಿಕೊಂಡರು.

ಬಿಡುಗಡೆ ಚೀಟಿಯಲ್ಲಿ, ಶ್ರೀಮತಿ ಸಣ್ಣಕ್ಕ ಅವರು ಹದಿನೈದು ದಿನ ನೀರು ಹೊರಬಾರದು, ಸೌದೆ ಒಡೆಯಬಾರದು, ಬಗ್ಗಿ ಕಸ ಗುಡಿಸಬಾರದು ಎಂದು ಸೀಲು ಹಾಕಿ ಕೊಟ್ಟಿದ್ದರು. ಸಣ್ಣಕ್ಕ ಅದನ್ನು ಎರಡು ಸಲ ಓದಿಸಿಕೊಂಡಳು. ಮದುವೆಯಾದ ಮೇಲೆ ಒಂದು ದಿನವೂ ಕಾಲು ಚಾಚಿ ಕೂತವಳಲ್ಲ. ಮನೆಗೆ ಬಂದವಳೇ ಜಗಲಿಯಲ್ಲಿ ಚಾಪೆ ಹಾಸಿ, ಗೋಡೆಗೆ ಒರಗಿ ಕೂತಳು.

"ನೀರು ಖಾಲಿಯಾಗಿದೆ" ಎಂದ ಗುರುವ.

"ನಾ ಎಂತ ಮಾಡ್ಲಿ ಮಾರಾಯ್ರೆ? ಸರ್ಕಾರದ ಸೀಲು ಉಂಟಲ್ಲ."

ಹೊಲಿಗೆ ಎಳೆಯುತ್ತಿದ್ದರೂ ಗುರುವ ಅರ್ಧರ್ಧ ಕೊಡ ನೀರು ತಂದ. ಅಕ್ಕಪಕ್ಕದವರು ಹಣ್ಣು ಹಿಡಿದು ಸಣ್ಣಕ್ಕನನ್ನು ನೋಡಲು ಬಂದರು. ಅವರಿಗೆಲ್ಲ ಅವನೇ ಕಾಫಿ ಕಾಸಿ ಕೊಟ್ಟ. ಎಲ್ಲರೂ ಹೋದ ಮೇಲೆ ಲೋಟ ತೊಳೆದಿಟ್ಟು, ಚಾಪೆಯ ಅಂಚಿಗೆ ಜೋಪಾನವಾಗಿ ಕೂತು ಕೇಳಿದ:

"ಬೆನ್ನು ನೋವು ಈಗ ಹ್ಯಾಂಗುಂಟು?"

"ಸ್ವಲ್ಪ ಕಮ್ಮಿ" ಎಂದಳು ಸಣ್ಣಕ್ಕ.