ಕಾಗೆ ಮುಟ್ಟಿದ ಮಾತು

ಮನೆಯೊಳಗೆ ಮೊಟ್ಟೆ ಕೂಡ ತರಬಾರದೆಂಬ ಕರಾರಿಗೆ ಒಪ್ಪಿ ಗುರುರಾಜ ಕೆರೂರಿನಲ್ಲಿ ಮಥುರಾಬಾಯಿಯವರ ಮಾಳಿಗೆಯ ಕೋಣೆ ಬಾಡಿಗೆಗೆ ಹಿಡಿದಿದ್ದ. ಅಂಥವನು ಒಣಗಿಸಿದ ಹುಳುಗಳ ಪೊಟ್ಟಣ ತರಿಸಿದ! ಮರಿ ಸಾಕುವ ಹಕ್ಕಿಗಳಿಗೆ ಅದು ಒಳ್ಳೆಯ ಪೌಷ್ಟಿಕ ಆಹಾರವೆಂದು ಮೊಬೈಲಿನಲ್ಲಿ ಓದಿದ್ದ. ಮಾಳಿಗೆಯಲ್ಲಿ ಗೂಡು ಕಟ್ಟಿದ್ದ ಗೊರವಂಕಗಳಿಗೆಂದು ಕದ್ದುಮುಚ್ಚಿ ಹಾಕಿದ್ದನ್ನು ಕಾಗೆಗಳೇ ಮುಗಿಸುತ್ತಿದ್ದವು. ರುಚಿ ಹತ್ತಿದ ಮೇಲೆ ಅವು ಅನ್ನದ ಕಡೆ ನೋಡುವುದನ್ನೂ ಬಿಟ್ಟವು.

ಆ ದಿನ ಮಥುರಾಬಾಯಿಯವರ ಗಂಡನ ಮೊದಲ ವರ್ಷದ ಶ್ರಾದ್ಧ. ಮನೆಯವರೆಲ್ಲ ಮಾಳಿಗೆ ಹತ್ತುವುದನ್ನು ಕಂಡು ಗುರುರಾಜ ಪೊಟ್ಟಣವನ್ನು ಜೇಬಿಗೆ ತುರುಕಿಕೊಂಡ. ಎಲೆಯಲ್ಲಿ ಪಿಂಡ ಇಟ್ಟರು. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಕಾಗೆಗಳೇನೋ ಬಂದವು. ನೀರಿನ ಟಾಕಿಯ ಮೇಲೆ ಸಾಲಾಗಿ ಕೂತು, ಪಂಕ್ತಿಯವರು ಬಡಿಸುವವನನ್ನು ನೋಡುವಂತೆ ಗುರುರಾಜನನ್ನೇ ನೋಡತೊಡಗಿದವು.

ಹಿರಿಯರ ಆಸೆ ಏನೋ ಉಳಿದಿದೆ, ತೀರಿಸುತ್ತೇವೆಂದು ಮಾತು ಕೊಡಿ ಎಂದರು ಆಚಾರ್ಯರು. ಮಗ ಸತ್ಯಬೋಧ ಗುಟ್ಕಾ ಬಿಡುತ್ತೇನೆಂದ. ಸೊಸೆ ರಂಜನಾ ಅತ್ತೆಗೆ ಎದುರು ಮಾತಾಡುವುದಿಲ್ಲವೆಂದಳು. ಅದನ್ನು ಕಾಗೆಯಿರಲಿ, ಅತ್ತೆಯೂ ನಂಬಲಿಲ್ಲ. ಪಕ್ಕದ ಮಾಳಿಗೆಯ ಚಂದವ್ವ, ಅವರಿಗೆ ಮಿರ್ಚಿ ಭಜಿ ಅಂದರೆ ಜೀವವಾಗಿತ್ತು ಎಂದಳು. ಆಚಾರ್ಯರು ಬೇಡವೆನ್ನುವಷ್ಟರಲ್ಲಿ ಅದೂ ಬಂತು. ಕಾಗೆಗಳು ಕದಲಲಿಲ್ಲ.

ಮಧ್ಯಾಹ್ನ ಎರಡು ಗಂಟೆಯಾಯಿತು. ಬೆಳಗಿನಿಂದ ಹನಿ ನೀರು ಮುಟ್ಟದ ಮಥುರಾಬಾಯಿ ಪಿಂಡದ ಮುಂದೆ ಕುಸಿದು ಕೂತರು.

"ಇನ್ನೂ ನನ್ನ ಮ್ಯಾಲಿನ ಸಿಟ್ಟು ಹೋಗಿಲ್ಲೇನ್ರಿ?"

ನೆಲ ಬಿರಿದು ನುಂಗಬಾರದೇ ಅನಿಸಿತು ಗುರುರಾಜನಿಗೆ. ಮುದುಕಿಯ ಕಣ್ಣೀರಿಗೆ ತಾನೇ ಕಾರಣ. ಬಾಯಿ ಬಿಟ್ಟರೆ ಕೋಣೆ ಹೋಗುತ್ತದೆ. ಮದುವೆಯಾಗದವನಿಗೆ ಈ ಊರಲ್ಲಿ ಬೇರೆ ಕೋಣೆ ಯಾರು ಕೊಡುತ್ತಾರೆ? ಮಾಡುವುದು ನಾಚಿಕೆಗೇಡಿನ ಕೆಲಸವೆಂದು ಗೊತ್ತಿದ್ದೂ, ನಮಸ್ಕರಿಸುವ ನೆವದಲ್ಲಿ ಬಗ್ಗಿ ಒಂದು ಚಿಟಿಕೆ ಹುಳುಗಳನ್ನು ಪಿಂಡದ ಹಿಂದೆ ಉದುರಿಸಿದ.

ಅದೇ ಹೊತ್ತಿಗೆ ಸತ್ಯಬೋಧ ಕಣ್ಣು ಮುಚ್ಚಿ ಕೈ ಮುಗಿದ.

"ಅಪ್ಪಾ, ನೀವು ಅಂದಂಗ ಈ ಮಾಳಗಿ ಖೋಲಿ ಖಾಲಿ ಮಾಡಸ್ತೇನಿ. ಇಲ್ಲೆ ಭಜನಿ ಇಡಸ್ತೇನಿ."

ಆರು ಕಾಗೆಗಳು ಒಟ್ಟಿಗೆ ಪಿಂಡಕ್ಕೆ ಎರಗಿದವು.

ಎಲ್ಲರೂ ಕೈ ಮುಗಿದರು. ಮಥುರಾಬಾಯಿ ಕಣ್ಣೊರೆಸಿಕೊಂಡು, ವರ್ಷದ ಮೇಲೆ ಮೊದಲ ಸಲ ನಕ್ಕು, ಗುರುರಾಜನ ಕಡೆ ತಿರುಗಿದರು.

"ತಪ್ಪು ತಿಳೀಬ್ಯಾಡಪಾ ಗುರುರಾಜ. ಒಂದು ತಿಂಗಳದಾಗ ಬ್ಯಾರೆ ಖೋಲಿ ನೋಡ್ಕೋ. ನಾ ಹೇಳಿದ್ದಲ್ಲ, ಅವರ ಹೇಳ್ಯಾರ."

ಹೇಳಿದ್ದು ಅವರಲ್ಲ, ಹುಳು ಎನ್ನಲು ಗುರುರಾಜನಿಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿ, "ಆಗಲ್ರಿ ಕಾಕು" ಎಂದ.