ಎಳೆದರೂ ಒಳಗೆ ಬಾರದ ಮಾಮಾನ ಮಾತುಗಳು

ಈಗ ಹೇಳಹೊರಟಿರುವುದು ನಾನು ಹೇಳಿದಂತೆಯೇ ನಡೆಯಿತೆಂದು ಯಾರ ತಲೆಯ ಮೇಲೂ ಕೈಯಿಟ್ಟು ಹೇಳಲಾರೆ. ಎರಡು ವರ್ಷದಿಂದ ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೇನೆ. ಹೇಳಿದಷ್ಟೂ ಕಥೆಯಲ್ಲಿ ನನ್ನ ಪಾತ್ರ ದಪ್ಪವಾಗುತ್ತ ಹೋಗಿದೆ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಪುರಾವೆ ಇಲ್ಲದೆ ಪಂಚಾಂಗವನ್ನೂ ನಂಬುವುದಿಲ್ಲ, ಪಕ್ಕದ ಮನೆಯವರನ್ನೂ ನಂಬುವುದಿಲ್ಲ. ಅಂಥವನು ನನ್ನ ನೆನಪೊಂದನ್ನೇ ಯಾಕೆ ನಂಬಬೇಕು? ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ನನ್ನ ಸೋದರಮಾವನಷ್ಟು ಜೋರಾಗಿ ಗುಟ್ಟು ಹೇಳುವ ಮನುಷ್ಯ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ!

ಮಾಮಾ ಮೂವತ್ತು ವರ್ಷ ಬೀದರಿನ ಕಾಳಿನ ಪೇಟೆಯಾದ ಗಾಂಧಿ ಗಂಜಿನಲ್ಲಿ ತೊಗರಿ, ಕಡಲೆ, ಉದ್ದಿನ ರಾಶಿಗಳ ಮುಂದೆ ನಿಂತು ಹರಾಜು ಕೂಗಿದವರು. ಅವರು ಇಲ್ಲಿ ‘ಒಂದಽ ಸರ್ತಿ’ ಎಂದರೆ ಅಷ್ಟೂರಿನ ಗುಮ್ಮಟಗಳಲ್ಲಿ ಮಲಗಿದ ಸುಲ್ತಾನರು ಮಗ್ಗಲು ಬದಲಿಸುತ್ತಿದ್ದರಂತೆ. ಔರಾದಿಗೆ ಹೆಣ್ಣು ನೋಡಲು ಹೋದಾಗ, ಹುಡುಗಿಗೆ ಮಾತ್ರ ಕೇಳಲಿ ಎಂದು ಮೆಲ್ಲಗೆ ‘ನಾ ನಿಮಗ ಪಸಂದ ಅದೀನೋ ಇಲ್ಲೋರಿ?’ ಎಂದರಂತೆ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಉತ್ತರ ಬಂದದ್ದು ಓಣಿಯಾಚೆಯ ಹಿಟ್ಟಿನ ಗಿರಣಿಯಿಂದ: ‘ಹೂಂ ಅನ್ನವಾ, ಹುಡುಗ ಛಲೋ ಅದಾನ!’ ಆ ಹುಡುಗಿಯೇ ನನ್ನ ಅತ್ತೆ.

ಇಂಥ ಗಂಟಲಿನಲ್ಲಿ ಗಡ್ಡೆ ಬೆಳೆಯಿತು. ಹೈದರಾಬಾದಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದರು. ಜೊತೆಗೆ ಹೋಗಿದ್ದ ನಾನೂ ಅತ್ತೆಯೂ ನೂರೆಂಟು ಪ್ರಶ್ನೆ ಕೇಳಿದೆವು. ಮಾಮಾ ಕೇಳಿದ್ದು ಒಂದೇ ಪ್ರಶ್ನೆ.

‘ಎಷ್ಟು ದಿನ ಟೈಮ್ ಅದರಿ ಡಾಕ್ಟರ್ ಸಾಬ್?’

‘ಹದಿನೈದು ದಿನ.’

‘ಬೇಕಾದಷ್ಟಾತು!’

ಬೇಕಾದಷ್ಟು ಯಾತಕ್ಕೆ? ಮಾತು ಕೂಡಿಡುವುದಕ್ಕೆ! ಬರಗಾಲ ಬರುತ್ತದೆಂದು ಗೊತ್ತಾದವನು ಕಾಳು ಕೂಡಿಡುವಂತೆ ಮಾಮಾ ತಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡು ಮಾಡಿ ತುಂಬತೊಡಗಿದರು. ಅವನ್ನು ಬೇಕೆಂದಾಗ ನುಡಿಸಲು ಲ್ಯಾಪ್‌ಟಾಪಿನಲ್ಲಿ ಒಂದು ಪುಕ್ಕಟೆ ಪ್ರೋಗ್ರಾಂ ಹುಡುಕಿ ಹಾಕಿಕೊಟ್ಟವನು ನಾನೇ (ಇದಕ್ಕೆ ಪುರಾವೆ ಇದೆ). ಪರದೆಯ ತುಂಬ ಬಣ್ಣದ ಚೌಕಗಳು. ಒಂದೊಂದು ಚೌಕಕ್ಕೂ ಒಂದೊಂದು ಧ್ವನಿಯ ಫೈಲನ್ನು ಮೌಸಿನಿಂದ ಎಳೆದು ತಂದು ಬಿಡಬೇಕು. ಆಮೇಲೆ ಚೌಕ ಒತ್ತಿದರೆ ಆ ಮಾತು ಹೊರಡುತ್ತದೆ. ತುಂಬಿಸಲು ಬೇರೆ ದಾರಿಯೇ ಇಲ್ಲ.

ಒಂದು ಜನ್ಮಕ್ಕೆ ಎಷ್ಟು ಮಾತು ಬೇಕು? ನೀವೇ ಪಟ್ಟಿ ಮಾಡಿ ನೋಡಿ, ಬೆವರು ಬರುತ್ತದೆ. ಮಾಮಾ ಒಂದು ವಾರ ತಮ್ಮ ಬಾಯಿಯಿಂದ ಏನೇನು ಬರುತ್ತದೆ ಎಂದು ತಾವೇ ಕಾದು ಕೂತು ಬರೆದುಕೊಂಡರು. ‘ಚಹಾದಾಗ ಸಕ್ಕರಿ ಎಲ್ಲದ?’ ‘ನನ್ನ ಚಸ್ಮಾ ಯಾರು ಮುಟ್ಟೀರಿ?’ ‘ಹೌದು’ ಎಂಬುದು ಮೂರು ಬಗೆ: ನಿಜವಾಗಿ ಒಪ್ಪಿದ್ದು, ಜಗಳ ಬೇಡವೆಂದು ಒಪ್ಪಿದ್ದು, ಕೇಳಿಸಿಕೊಳ್ಳದೆ ಒಪ್ಪಿದ್ದು. ಮನುಷ್ಯ ತನ್ನ ಮಾತನ್ನು ಇಷ್ಟು ಹತ್ತಿರದಿಂದ ನೋಡಿದ್ದನ್ನು ನಾನು ಯಾವ ಪ್ರಯೋಗಶಾಲೆಯಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಮಾಮಾಗೆ ಇನ್ನೊಂದು ಯೋಚನೆ. ಹಳೆಯ ಲ್ಯಾಪ್‌ಟಾಪು, ಹಳೆಯ ವಿಂಡೋಸು. ನಾಳೆ ಕೈಕೊಟ್ಟರೆ? ‘ಇನ್ನ ಮ್ಯಾಲ ಇದೇ ನನ್ನ ನಾಲಿಗಿ. ನಾಲಿಗಿ ಗಟ್ಟಿ ಇರಬೇಕಲ್ಲೊ ಅಳಿಯಾ!’ ಬೀದರಿನ ರಿಪೇರಿ ಅಂಗಡಿಗಳ ಮೇಲೆ ಅವರಿಗೆ ಭರವಸೆಯಿಲ್ಲ. ಭಾಲ್ಕಿಯಲ್ಲಿ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾನೆಂದು, ಲ್ಯಾಪ್‌ಟಾಪನ್ನು ತೊಗರಿಯ ಚೀಲದಲ್ಲಿ ಸುತ್ತಿ ಬಸ್ಸು ಹತ್ತಿದರು.

ಕಂಡಕ್ಟರ್ ಚೀಲ ನೋಡಿ ಕೇಳಿದನಂತೆ: ‘ಅಜ್ಜಾರ, ಚೀಲದಾಗ ಏನದರಿ? ಕಾಳು ಇದ್ರ ಲಗೇಜ್ ತಗೋಬೇಕಾಗ್ತದ.’

‘ಮಾತು ಅವ ತಮ್ಮಾ. ಮಾತಿಗಿ ಲಗೇಜ್ ಅದೇನು?’

‘ನಿಮ್ಮ ದನಿ ಕೇಳಿದ್ರ ಎರಡು ಫುಲ್ ಟಿಕೇಟ ಹರೀಬೇಕ್ರಿ!’

ಸಂಜೆಗೆ ಹೊಸ ವಿಂಡೋಸ್ ಹಾಕಿಸಿಕೊಂಡು ವಾಪಸು ಬಂದರು. ಚೌಕಗಳ ಪ್ರೋಗ್ರಾಮನ್ನೂ ಮೆಕ್ಯಾನಿಕ್ ಮತ್ತೆ ಹಾಕಿಕೊಟ್ಟಿದ್ದ, ಆದರೆ ಚೌಕಗಳೆಲ್ಲ ಖಾಲಿಯಾಗಿದ್ದವು. ಧ್ವನಿಯ ಫೈಲುಗಳು ಫೋಲ್ಡರಿನಲ್ಲಿ ಕ್ಷೇಮವಾಗಿದ್ದವು. ಮತ್ತೆ ಒಂದೊಂದಾಗಿ ಎಳೆದು ತುಂಬಬೇಕಿತ್ತು, ಅಷ್ಟೇ. ಆದರೆ ಈಗ ಫೈಲು ಎಳೆದರೆ ಚೌಕದ ತನಕ ಬರುತ್ತದೆ, ಒಳಗೆ ಬೀಳುವುದಿಲ್ಲ! ಬಾಣದ ತುದಿಯಲ್ಲಿ ಅಡ್ಡಗೆರೆ ಎಳೆದ ಒಂದು ಗುಂಡು ಚಿಹ್ನೆ ಕಾಣಿಸಿಕೊಂಡು ‘ಪ್ರವೇಶವಿಲ್ಲ’ ಎನ್ನುತ್ತದೆ. ಮಂಗಳವಾರ ಆಪರೇಷನ್ನು. ಸೋಮವಾರ ಹೈದರಾಬಾದಿಗೆ ಹೊರಡಬೇಕು. ಭಾನುವಾರ ಬೆಳಿಗ್ಗೆ ಮಾಮಾ ನನಗೆ ಫೋನು ಮಾಡಿದರು.

‘ಅಳಿಯಾ, ನನ್ನ ಮಾತು ಹೊಸ್ತಿಲಿಗಿ ಬಂದು ನಿಂತಾವ. ಒಳಗ ಬರವಲ್ಲವು. ನೀ ಜಲ್ದಿ ಬಾ.’

ಹೋದೆ. ಮೊದಲು ಮೌಸು ಬದಲಿಸಿದೆ. ಆಮೇಲೆ ಎಸ್ಕೇಪ್ ಗುಂಡಿ ಒತ್ತಿದೆ. ಒತ್ತಿದರೆ ಎಳೆಯುವುದು ಸರಿಹೋಗುತ್ತದೆಂದು ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಿದ್ದ. ಲ್ಯಾಪ್‌ಟಾಪನ್ನು ನಾಲ್ಕು ಸಲ ಆರಿಸಿ ಹಚ್ಚಿದೆ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಎಳೆದು ನೋಡಿದೆ, ಸಲೀಸಾಗಿ ಬಿತ್ತು! ಎಂದರೆ ಮೌಸಿನ ತಪ್ಪಲ್ಲ. ಮತ್ತೆ ಯಾರ ತಪ್ಪು? ಎರಡು ತಾಸಾಯಿತು. ಪಕ್ಕದಲ್ಲಿ ಅತ್ತೆ ಹೈದರಾಬಾದಿಗೆ ಒಯ್ಯುವ ಬಟ್ಟೆ ಮಡಚುತ್ತಿದ್ದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರು.

‘ಇರ್ಲಿ ಬಿಡಪ್ಪ,’ ಎಂದರು ಒಮ್ಮೆ. ‘ಕೈಸನ್ನಿ ಮಾಡಿದ್ರ ನನಗ ತಿಳೀತದ.’

‘ನಿನಗ ತಿಳೀತದ,’ ಎಂದರು ಮಾಮಾ. ‘ಆದ್ರ ನಿನಗ ಕೇಳಂಗಿಲ್ಲಲ್ಲ?’

ನಾನು ಮೌಸಿನ ಕಡೆ ತಿರುಗಿಕೊಂಡೆ.

ಇಲ್ಲಿಂದ ಮುಂದೆ ಕಥೆಗೆ ಎರಡು ಪಾಠಗಳಿವೆ. ನನ್ನ ಪಾಠದಲ್ಲಿ ನನಗೆ ಥಟ್ಟನೆ ಹೊಳೆಯುತ್ತದೆ. ವಿಶ್ವವಿದ್ಯಾಲಯದ ಶಿಕ್ಷಣ ಎಲ್ಲಿಗೆ ಹೋಗುತ್ತದೆ! ಅತ್ತೆಯ ಪಾಠದಲ್ಲಿ, ಎರಡು ತಾಸು ಪರದೆಯನ್ನೇ ನೋಡುತ್ತ ಕೂತಿದ್ದ ಮಾಮಾ ನನ್ನ ಭುಜ ತಟ್ಟಿ ಕೇಳುತ್ತಾರೆ: ‘ಅಳಿಯಾ, ಆ ಫೋಲ್ಡರ ತಗೀಬೇಕಾದ್ರ ಯಾರರ ಏನರ ಕೇಳ್ತಾರೇನು?’

‘ಇಲ್ಲರಿ ಮಾಮಾ.’

‘ಈ ಚೌಕದ ಪ್ರೋಗ್ರಾಂ ತಗೀಬೇಕಾದ್ರ ಮಾತ್ರ ಪ್ರತಿ ಸರ್ತಿ ಪರದಾ ಕರ್ರಗ ಆಗಿ, ಬಿಡ್ಲೇನು ಬ್ಯಾಡೇನು ಅಂತ ಪರವಾನಗಿ ಕೇಳತದ. ಮೊದಲು ಕೇಳ್ತಿದ್ದಿಲ್ಲ. ಭಾಲ್ಕಿಗಿ ಹೋಗಿ ಬಂದ ಮ್ಯಾಲ ಸುರು ಆಗ್ಯಾದ. ಹೌದಿಲ್ಲ?’

‘ಹೌದ್ರಿ. ಅದಕ್ಕೂ ಇದಕ್ಕೂ ಏನ್ ಸಂಬಂಧರಿ?’

‘ನೀ ಗಂಜಿನಾಗ ದುಡಿದಿಲ್ಲ, ಅದಕ್ಕ ತಿಳೀವಲ್ದು. ನಮ್ಮ ಅಡತಿ ಅಂಗಡಿಯಾಗ ಗಾಡಿಯಿಂದ ಚೀಲ ಇಳಿಸೋ ಹಮಾಲ ಬ್ಯಾರೆ, ಮಾಲು ಇಡೋ ಕೋಠಿ ಒಳಗ ಹೊರೋ ಹಮಾಲ ಬ್ಯಾರೆ. ಹೊರಗಿನವ ಎಷ್ಟೇ ಗಟ್ಟಿ ಇರ್ಲಿ, ಕಟ್ಟಿತನಕ ತಂದು ನಿಂತುಬಿಡ್ತಾನ. ಒಳಗ ಬಿಡಂಗಿಲ್ಲ. ಆ ಭಾಲ್ಕಿಯವ ಈ ಪ್ರೋಗ್ರಾಂಗ ಕೋಠಿ ಅಧಿಕಾರ ಕೊಟ್ಟು ಕೂಡ್ರಿಸ್ಯಾನ. ನಿನ್ನ ಫೋಲ್ಡರ ಹೊರಗಿನ ಹಮಾಲ. ಹ್ಯಾಂಗ ಹೋಗ್ತಾನವ ಒಳಗ?’

‘ಮಾಮಾ, ಕಂಪ್ಯೂಟರಿನಾಗ ಹಮಾಲರು ಇರಂಗಿಲ್ಲರಿ!’ ಎಂದು ನಾನು ನಕ್ಕೆನಂತೆ.

ಯಾರಿಗೆ ಹೊಳೆಯಿತೋ, ಕಾರಣವಂತೂ ಅದೇ. ಪ್ರೋಗ್ರಾಂನ ಪ್ರಾಪರ್ಟೀಸ್ ಎಂಬ ಪುಟದಲ್ಲಿ ‘ಅಡ್ಮಿನಿಸ್ಟ್ರೇಟರ್ ಆಗಿ ನಡೆಸು’ ಎಂಬುದಕ್ಕೆ ಭಾಲ್ಕಿಯ ಮಹಾಶಯ ಟಿಕ್ ಹಾಕಿಟ್ಟಿದ್ದ. ಹೆಚ್ಚಿನ ಅಧಿಕಾರದಲ್ಲಿ ನಡೆಯುವ ಪ್ರೋಗ್ರಾಂ ಒಳಗೆ ಸಾಧಾರಣ ಫೋಲ್ಡರಿನಿಂದ ಏನನ್ನೂ ಎಳೆದು ಹಾಕುವಂತಿಲ್ಲ, ವಿಂಡೋಸ್ ಬಿಡುವುದಿಲ್ಲ. ಟಿಕ್ ತೆಗೆದೆ. ಪ್ರೋಗ್ರಾಂ ಪರವಾನಗಿ ಕೇಳದೆ ತೆರೆಯಿತು. ಎಳೆದೆ, ಬಿಟ್ಟೆ. ಮೊದಲ ಚೌಕ ಹಸಿರಾಯಿತು. ಒತ್ತಿದರೆ ಇಡೀ ಮನೆ ಅದುರುವಂತೆ: ‘ಚಹಾದಾಗ ಸಕ್ಕರಿ ಎಲ್ಲದ?’

ಅತ್ತೆ ಎದ್ದು ನಿಜವಾಗಿಯೂ ಸಕ್ಕರೆ ಡಬ್ಬಿ ತರಲು ಹೋದರು!

ಆಪರೇಷನ್ ಚೆನ್ನಾಗಿ ಆಯಿತು. ಮಾಮಾ ಈಗ ಬೆರಳ ತುದಿಯಿಂದ ಮಾತಾಡುತ್ತಾರೆ. ಮೊದಮೊದಲು ಅವಾಂತರಗಳಾದವು. ನೋಡಲು ಬಂದ ಬೀಗರು ಕಣ್ಣೊರೆಸಿಕೊಂಡು ‘ಬರ್ತೇವ್ರಿ’ ಎಂದಾಗ ಮಾಮಾನ ಬೆರಳು ಒಂದು ಚೌಕ ತಪ್ಪಿ, ‘ಇನ್ನಾ ಇಲ್ಲೇ ಕೂತೀರೇನು?’ ಎಂದು ಲ್ಯಾಪ್‌ಟಾಪು ಗುಡುಗಿತು. ಆ ಬೀಗರು ಮತ್ತೆ ಬರಲು ಆರು ತಿಂಗಳಾಯಿತು. ಈಗ ಅವರ ಬೆರಳಿನ ವೇಗಕ್ಕೆ ಎದುರಿನವರ ನಾಲಿಗೆ ಸಾಲದು. ಅತ್ತೆಯ ಜೊತೆ ಜಗಳವೂ ಸಾಂಗವಾಗಿ ನಡೆಯುತ್ತದೆ. ಯಾವ ‘ಹೌದು’ ಯಾವುದೆಂದು ಅತ್ತೆಗೆ ಈಗ ಚೌಕದ ಬಣ್ಣದಿಂದಲೇ ಗೊತ್ತಾಗುತ್ತದೆ.

ಆದರೆ ನನ್ನ ತಲೆಯಲ್ಲಿ ಹುಳು ಹೊಕ್ಕಿತ್ತು. ಅಂದು ಕಂಡುಹಿಡಿದದ್ದು ನಾನೋ ಮಾಮಾನೋ? ಊರೆಲ್ಲ ನನ್ನ ಹೆಸರು ಹೇಳುತ್ತದೆ, ಅತ್ತೆ ಮಾತ್ರ ಒಪ್ಪುವುದಿಲ್ಲ. ಮಾಮಾನನ್ನೇ ಕೇಳಿದರೆ ಜಗಳ ಬೇಡವೆನ್ನುವ ‘ಹೌದು’ ಒತ್ತಿ ಸುಮ್ಮನಾಗುತ್ತಾರೆ.

ಹೋದ ತಿಂಗಳು ಅವರ ಫೋನಿನಲ್ಲಿ ಜಾಗ ಮಾಡಿಕೊಡಲು ಕೂತಾಗ ಆ ಭಾನುವಾರದ್ದೊಂದು ಉದ್ದನೆಯ ಧ್ವನಿಮುದ್ರಣ ಸಿಕ್ಕಿತು. ಯಾವುದೋ ಮಾತು ತುಂಬಲು ಶುರುಮಾಡಿ ನಿಲ್ಲಿಸುವುದನ್ನು ಮರೆತಿದ್ದರು. ಮನೆಗೆ ತಂದು, ಬಾಗಿಲು ಹಾಕಿಕೊಂಡು ಕೇಳಿದೆ. ಹಮಾಲರ ಮಾತು ಮಾಮಾನದು. ನಗು ನನ್ನದು. ಆಮೇಲೆ ‘ಬಿತ್ತು! ಬಿತ್ತು!’ ಎಂಬ ನನ್ನ ಕೂಗು, ಸಕ್ಕರೆಯ ಗುಡುಗು, ನನ್ನ ಚಪ್ಪಲಿಯ ಸದ್ದು. ದೂರದಲ್ಲಿ ನಾನು ಅಂಗಳದಲ್ಲಿ ನಿಂತು ಯಾರಿಗೋ ಫೋನಿನಲ್ಲಿ ನನ್ನ ಪ್ರತಾಪ ಹೇಳುತ್ತಿದ್ದೇನೆ. ಓಣಿಯಿಂದ ಯಾರೋ ‘ಸರಿ ಆತೇನ್ರಿ?’ ಎನ್ನುತ್ತಾರೆ. ಮಾಮಾ ಒಡೆದ ಗಂಟಲನ್ನೆಲ್ಲ ಕೂಡಿಸಿ, ಗಂಜಿನ ದನಿಯಲ್ಲಿ ಕೂಗುತ್ತಾರೆ: ‘ನಮ್ಮ ಅಳಿಯ ಮಾಡ್ದ ನೋಡ್ರಿ! ಎಲ್ಲಾ ಅವನೇ ಮಾಡ್ದ!’

ಹತ್ತಿರದಲ್ಲಿ ಅತ್ತೆ: ‘ಹೇಳಿದವರು ನೀವಲ್ಲರಿ?’

ಕೆಮ್ಮು. ಆಮೇಲೆ ತಗ್ಗಿದ ದನಿ: ‘ಸುಮ್ಮನಿರು. ಇದು ನನ್ನ ಕಡೀ ಹರಾಜಿನ ಕೂಗು. ಛಲೋ ಮಾಲಿಗೇ ಕೂಗ್ತೇನಿ.’

ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ. ಅವರು ಹೇಳಿದ್ದು ಹಾಗೆಯೇ ಇದೆ.