ಮುಳುಗದ ಸೂರ್ಯನೂ ನನ್ನ ನೇಮವೂ

ನಾನು ಸದಲಗಾದ ಪಾರಿಸ. ಕಬ್ಬು ಬೆಳೆಯುತ್ತೇನೆ, ಎಮ್ಮೆ ಸಾಕುತ್ತೇನೆ, ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಮೊದಲಿನ ಎರಡನ್ನು ಊರೇ ಒಪ್ಪುತ್ತದೆ. ಮೂರನೆಯದನ್ನು ನನ್ನ ಹೆಂಡತಿ ಪ್ರಾಜಕ್ತಾ ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ! ಕೇಳಿ, ನೀವೇ ನ್ಯಾಯ ಹೇಳಿ.

ಪ್ರತಿ ಬೇಸಿಗೆಯಲ್ಲಿ, ಕಬ್ಬು ಕಾರ್ಖಾನೆಗೆ ಹೋಗಿ ಮುಗಿದ ಮೇಲೆ, ನಾವು ಗೆಳೆಯರು ಪರದೇಶದ ಯಾವುದಾದರೊಂದು ಹಳ್ಳಿ ನೋಡಲು ಹೊರಡುತ್ತೇವೆ. ಪಟ್ಟಣ ನಮಗೆ ಬೇಡ. ಅಲ್ಲಿಯ ಗೋಪುರ, ಅರಮನೆ ಯಾರಿಗೆ ಬೇಕು? ಅವರ ದನದ ಕೊಟ್ಟಿಗೆ, ಅವರ ಗೊಬ್ಬರದ ಗುಂಡಿ ನೋಡಿದರೇನೇ ನಮ್ಮ ಜೀವಕ್ಕೆ ಸಮಾಧಾನ. ಈ ಮಹಾನ್ ಅಧ್ಯಯನಕ್ಕೆ ಪ್ರಾಜಕ್ತಾ ಇಟ್ಟ ಹೆಸರು "ಉಂಡಾಡಿಗಳ ದಿಂಡಿ", ಅಂದರೆ ತಿಂದು ತಿರುಗುವವರ ಯಾತ್ರೆ.

ಹೋದ ವರ್ಷ "ಈ ಸಲ ನಾರ್ವೆ!" ಎಂದು ನಾನು ಘೋಷಿಸಿದಾಗ ಅವಳು ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು.

"ವಿಯೆಟ್ನಾಮಕ್ಕ ಹೋದಾಗ ಹೊತ್ತು ಮುಳುಗಿದ ಮ್ಯಾಲ ತಿಂದು ಬಂದೀರಿ. ಮಾಳಸಿದ್ದಣ್ಣನ ಫೋಟೋದಾಗ ನಾನ ನೋಡೇನಿ."

"ಅದೇನ ಊಟ ಅಲ್ಲ ಬಿಡ, ಬಾಳಿಹಣ್ಣು!"

"ಬಾಳಿಹಣ್ಣು ತಿಂದ್ರ ರಾತ್ರಿ ಹೋಗಿ ಹಗಲಾಗತೈತೇನ್ರಿ?"

ನಾವು ಜೈನರು. ರಾತ್ರಿ ಉಣ್ಣುವಂತಿಲ್ಲ. ನನ್ನ ಮಾನದ ಪ್ರಶ್ನೆ ಬಂತು ನೋಡಿ! ಮರುದಿನವೇ ಬಸದಿಗೆ ಹೋದೆ. ಊರ ಹಿರಿಯರಾದ ತಾತ್ಯಾಸಾಹೇಬ ಕಾಕಾ ಕೂತಿದ್ದರು, ಹತ್ತಾರು ಮಂದಿ ಸೇರಿದ್ದರು. ಎಲ್ಲರೆದುರು ಎದೆ ಉಬ್ಬಿಸಿ ನಿಂತೆ.

"ಕಾಕಾ, ನಾರ್ವೆದಾಗ ಸೂರ್ಯ ಹುಟ್ಟಿದ್ದನ್ನ ನೋಡಿದ ಮ್ಯಾಲ ಉಣ್ತೇನಿ. ಮುಳುಗಿದ ಮ್ಯಾಲ ನೀರು ಸೈತ ಮುಟ್ಟೂದಿಲ್ಲ. ಇದು ಈ ಪಾರಿಸನ ನೇಮ!"

"ತಪ್ಪಿದ್ರ?" ಹೆಂಗಸರ ಸಾಲಿನಿಂದ ಪರಿಚಿತ ಧ್ವನಿ ಬಂತು. "ತಪ್ಪಿದ್ರ ಬರೂ ಬ್ಯಾಸಗಿಗೆ ಇವರು ಎಮ್ಮಿ ಹಿಂಡಕೋಂತ ಮನ್ಯಾಗ ಇರ್ತಾರ. ನಾನು, ನನ್ನ ಗೆಳತ್ಯಾರು ಸ್ನೇಹಲ, ದ್ರೌಪದಿ ಪರದೇಶಕ್ಕ ಹೋಗ್ತೀವಿ. ನೀವ ಸಾಕ್ಷಿ, ಕಾಕಾ!"

ಬಸದಿಯೆಲ್ಲ ನಕ್ಕಿತು. ನಾನೂ ನಕ್ಕೆ. ನೇಮ ನನ್ನದು, ಹೊಟ್ಟೆ ನನ್ನದು, ತಪ್ಪಲು ನನಗೇನು ಹುಚ್ಚೇ?

ಮೇ ಕೊನೆಗೆ ನಾರ್ವೆಯ ಉತ್ತರ ತುದಿಯ ಹಳ್ಳಿಗೆ ಬಂದಿಳಿದೆವು. ಇಂಗ್ರಿಡ್ ಎಂಬ ಅಜ್ಜಿಯ ಮನೆಯಲ್ಲಿ ನಮ್ಮ ವಸ್ತಿ. ಕುರಿ ಈಯುವ ಕಾಲ; ಊರಿಗೆ ಊರೇ ಎಚ್ಚರವಿತ್ತು. ನನ್ನ ಗೆಳೆಯ ಮಾಳಸಿದ್ದ ದಿಗ್ಗೇವಾಡಿಯ ಕುರುಬರ ಮನೆಯವನು. ಅವನು ಬ್ಯಾಗನ್ನೂ ಇಳಿಸದೆ ಕೊಟ್ಟಿಗೆ ಹೊಕ್ಕ. ಅಜ್ಜಿ ನಾರ್ವೆ ಭಾಷೆ, ಇವನು ಕನ್ನಡ. ಇಬ್ಬರೂ ಗಂಟೆಗಟ್ಟಲೆ ಹರಟಿದರು!

ನಾನೋ, ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಲಗುಬಗೆಯಿಂದ ಮುಗಿಸಿ, ಕೈ ತೊಳೆದು, ಸೂರ್ಯ ಮುಳುಗಲೆಂದು ಬಾಗಿಲಲ್ಲಿ ಕೂತೆ. ಸೂರ್ಯ ಗುಡ್ಡದ ಹತ್ತಿರ ಬಂದ. ಇನ್ನೇನು ಮುಳುಗಿದ ಎನ್ನುವಷ್ಟರಲ್ಲಿ ಗುಡ್ಡದ ಮೇಲೆಯೇ ಅಡ್ಡಡ್ಡ ನಡೆದ. ಆಮೇಲೆ ಮೇಲಕ್ಕೆ ಹತ್ತಿಬಿಟ್ಟ! ಜುಲೈ ತನಕ ಇವನು ಮುಳುಗುವುದೇ ಇಲ್ಲವೆಂದು ಅಜ್ಜಿ ಕ್ಯಾಲೆಂಡರ್ ತೋರಿಸಿ ಕೈಸನ್ನೆಯಲ್ಲಿ ತಿಳಿಸಿದಳು.

"ಲೇ ಪಾರಿಸ," ಮಾಳಸಿದ್ದ ಕೊಟ್ಟಿಗೆಯಿಂದಲೇ ಕೂಗಿದ, "ಇಲ್ಲೆ ರಾತ್ರಿನ ಇಲ್ಲೋ! ಯಾವಾಗ ಬೇಕಾದರೂ ಉಣ್ಣಲೇ!"

ಆಹಾ! ಹುಟ್ಟಿದಾಗಿನಿಂದ ಸಂಜೆಯಾದರೆ ಗಡಿಯಾರ ನೋಡಿ ನುಂಗಿದವನು ನಾನು. ನನಗಾಗಿಯೇ ದೇವರು ಇಂಥದೊಂದು ದೇಶ ಮಾಡಿಟ್ಟಿದ್ದನೇ? ಉಂಡೆ. ಮಲಗಿ ಎದ್ದು ಉಂಡೆ. ಕುರಿ ಈದಾಗ ಸಂತೋಷಕ್ಕೆ ಉಂಡೆ, ಈಯದಿದ್ದಾಗ ಚಿಂತೆಗೆ ಉಂಡೆ. ಒಂದು ರಾತ್ರಿ, ಅಂದರೆ ಗಡಿಯಾರ ರಾತ್ರಿ ಎನ್ನುತ್ತಿದ್ದ ಹೊತ್ತಿನಲ್ಲಿ, ಕುರಿಯೊಂದು ಅವಳಿ ಮರಿ ಹಾಕಿತು. ಅಜ್ಜಿ ಖುಷಿಯಿಂದ ಬಟ್ಟಲು ತುಂಬ ಮೊಸರು ತಂದಳು. ನಾನು ರೊಟ್ಟಿ ಮುರಿದು ಹಾಕಿ ಬಾಯಿಗಿಡುವಾಗ ಮಾಳಸಿದ್ದ ಫೋಟೋ ತೆಗೆದ. ನಾನು ಅದನ್ನು ನಮ್ಮ ಬಸದಿಯ ವಾಟ್ಸಾಪ್ ಗುಂಪಿಗೆ ಹಾಕಿ, "ನಾರ್ವೆಯಲ್ಲಿ ಊಟ!" ಎಂದು ಬರೆದು ಮಲಗಿದೆ.

ನನ್ನ ತಲೆಯ ಹಿಂದೆ ಗೋಡೆಯ ಮೇಲೊಂದು ದೊಡ್ಡ ಗಡಿಯಾರವಿತ್ತು. ಎರಡೂ ಮುಳ್ಳು ಹನ್ನೆರಡರ ಮೇಲೆ!

ಎರಡು ಮೂರು ತಾಸು ಕಣ್ಣು ಹತ್ತಿತ್ತೋ ಇಲ್ಲವೋ, ಫೋನು ಬಡಿದುಕೊಂಡಿತು. ಸದಲಗಾದಲ್ಲಿ ಬೆಳಗಾಗಿತ್ತು. ವಿಡಿಯೋದಲ್ಲಿ ಪ್ರಾಜಕ್ತಾ, ಅವಳ ಹಿಂದೆ ತಾತ್ಯಾಸಾಹೇಬ ಕಾಕಾ, ಕಾಕಾರ ಹಿಂದೆ ಇಡೀ ಬಸದಿ.

"ನಡುರಾತ್ರ್ಯಾಗ ಉಣ್ಣಾಕತ್ತೀಯಲ್ಲೋ ಪಾರಿಸಾ! ಅಪ್ಪನ ಹೆಸರು ಕಳದಿ!" ಎಂದರು ಕಾಕಾ.

ನಾನು ಬೆದರುವವನೇ? ಫೋನನ್ನು ಕಿಟಕಿಯ ಹೊರಗೆ ಚಾಚಿದೆ. "ಕಾಕಾ, ಕಣ್ಣ ತುಂಬ ನೋಡ್ರಿ! ಅದೇನು, ಲಾಟೀನೇನು? ಸೂರ್ಯ! ಇನ್ನೂ ಮುಳುಗೇ ಇಲ್ಲ. ಎಲ್ಲೈತಿ ರಾತ್ರಿ, ತೋರಸ್ರಿ!"

ಕಾಕಾ ಕನ್ನಡಕ ಒರೆಸಿ ಒರೆಸಿ ನೋಡಿದರು. "ಖರೇ ಐತಲ್ಲೋ! ಬಿಸಲ ಬಿದ್ದೈತಿ. ಪ್ರಾಜಕ್ತಾ, ನಿನ್ನ ಗಂಡಂದು ತಪ್ಪಿಲ್ಲವ್ವಾ."

ಗೆದ್ದೆ! ಕಿಟಕಿಯಲ್ಲಿಯೇ ಒಂದು ಕುಣಿತ ಕುಣಿದೆ. ಮುಂದಿನ ಬೇಸಿಗೆಗೆ ಯಾವ ದೇಶವೆಂದು ಮನಸ್ಸಿನಲ್ಲಿ ಆರಿಸತೊಡಗಿದ್ದೆ.

"ಅಹೋ," ಎಂದು ನನ್ನನ್ನು ಕರೆದಳು ಪ್ರಾಜಕ್ತಾ, ಬಹಳ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ನನಗೆ ನಡುಕ. "ಸೂರ್ಯ ಮುಳುಗಿಲ್ಲ, ಒಪ್ಪಿದೆ. ಮುಳುಗಲಾರದ ಸೂರ್ಯ ಹುಟ್ಟೂದು ಹೆಂಗ್ರಿ?"

"ಅಂದ್ರ?"

"ಹುಟ್ಟಿದ್ದನ್ನ ನೋಡಿದ ಮ್ಯಾಲ ಉಣ್ತೇನಿ ಅಂತ ಬಸ್ತ್ಯಾಗ ಹೇಳಿದಾವರು ನೀವ. ಹೋದಾಗಿಂದ ಅಲ್ಲೆ ಸೂರ್ಯ ಹುಟ್ಟಿದ್ದನ್ನ ಒಮ್ಮೆರೆ ನೋಡೀರೇನು?"

ನಾನು ಮಾಳಸಿದ್ದನನ್ನು ನೋಡಿದೆ. ಅವನು ಮಡಿಲಲ್ಲಿದ್ದ ಕುರಿಮರಿಯನ್ನು ನೋಡಿದ.

"ನಾವು ಬರೂಕಿಂತ ಮೊದಲ ಹುಟ್ಟಿತ್ತು!" ಎಂದು ಗರ್ಜಿಸಿದೆ.

"ನೋಡೀರೇನು ಅಂತ ಕೇಳೇನ್ರಿ."

ಕಾಕಾರ ಬೊಚ್ಚುಬಾಯಿ ನಗು ಫೋನಿನ ತುಂಬ ಹರಡಿತು. "ಸೋತಿ ತಮ್ಮಾ! ನಡುರಾತ್ರಿ ಊಟ ಒಂದ ಅಲ್ಲ, ಅಲ್ಲೆ ಉಂಡಿದ್ದೆಲ್ಲಾ ನೇಮ ತಪ್ಪಿದ್ದ!"

ಈ ತೀರ್ಪನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಚಿಕ್ಕೋಡಿಯ ವಕೀಲರೊಬ್ಬರನ್ನೂ ಕೇಳಿದೆ. ಅವರು ಹೆಂಡತಿ ಹೇಳಿದಂತೆ ಕೇಳು ಎಂದರು. ಅವರಿಗೂ ಮನೆಯಲ್ಲಿ ಒಬ್ಬರಿದ್ದಾರೆ.

ಈ ಬೇಸಿಗೆಯಲ್ಲಿ ಪ್ರಾಜಕ್ತಾ ಗೆಳತಿಯರೊಂದಿಗೆ ಶ್ರೀಲಂಕಾದ ಚಹಾ ಬೆಳೆಯುವ ಹಳ್ಳಿಯಲ್ಲಿದ್ದಾಳೆ. ನಾನು ಎಮ್ಮೆಯ ಕೆಳಗೆ. ಇಂದು ಸಂಜೆ ಹಿಂಡಿದ ಹಾಲನ್ನೆಲ್ಲ ಸಣ್ಣ ಎಮ್ಮೆ ಒಂದೇ ಒದೆತಕ್ಕೆ ಚೆಲ್ಲಿತು. ಅದನ್ನು ಬೈದು, ಕೊಟ್ಟಿಗೆ ತೊಳೆದು, ಉಳಿದ ಎಮ್ಮೆಗಳನ್ನು ಹಿಂಡಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಫೋನು ಬಂತು.

"ನಮ್ಮದು ಆಗಲೇ ಊಟ ಆತ್ರಿ," ಎಂದಳು ಪ್ರಾಜಕ್ತಾ. "ನಿಮ್ಮದು?"

ಪಶ್ಚಿಮಕ್ಕೆ ತಿರುಗಿ ನೋಡಿದೆ. ನಮ್ಮೂರ ಸೂರ್ಯ ಅಡ್ಡಡ್ಡ ನಡೆಯುವವನಲ್ಲ. ಕಬ್ಬಿನ ಹಿಂದೆ ನೆಟ್ಟಗೆ ಇಳಿದು ಹೋಗಿದ್ದ. ಒಳಗೆ ಅವಳು ಮಾಡಿಟ್ಟು ಹೋದ ರೊಟ್ಟಿಗಳು ಬುಟ್ಟಿಯಲ್ಲಿ ಹಾಗೆಯೇ ಇದ್ದವು.

ಈಗಲೂ ಹೇಳುತ್ತೇನೆ, ನಾನು ಸೋತಿಲ್ಲ! ಹಸಿದಿದ್ದೇನೆ, ಅಷ್ಟೇ.